ನೀರಿನಿಂದ ಗಾಡಿ ಓಡುತ್ತದೆಯೇ? ಗುಳ್ಳೆ ನಿಜ, ಲೆಕ್ಕ ಸುಳ್ಳು

ಬಾಟಲಿಯಲ್ಲಿ ನೀರು, ಒಂದು ಚಮಚ ಉಪ್ಪು, ಬೈಕಿನ ಬ್ಯಾಟರಿಯಿಂದ ಎರಡು ವೈರು. ಗುಳ್ಳೆಗಳು ಏಳುತ್ತವೆ, ಪೈಪು ಎಂಜಿನ್‌ಗೆ ಹೋಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಳಗೆ ಕಿಟ್ ಮಾರುವವರ ನಂಬರೂ ಇರುತ್ತದೆ.

ಗುಳ್ಳೆಗಳೇನೂ ಮೋಸವಲ್ಲ. ನೀರಿನಲ್ಲಿ ವಿದ್ಯುತ್ ಹರಿಸಿದರೆ ಅದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಇಂಗ್ಲೆಂಡಿನ ನಿಕೋಲ್ಸನ್ ಮತ್ತು ಕಾರ್ಲೈಲ್ 1800ರಲ್ಲೇ ಇದನ್ನು ಮಾಡಿ ನೋಡಿದ್ದರು. ಶಾಲೆಯಲ್ಲಿ ನಾವು ಓದಿದ ವಿದ್ಯುದ್ವಿಭಜನೆ ಇದೇ.

ಎಡವಟ್ಟಿರುವುದು ಲೆಕ್ಕದಲ್ಲಿ. ಒಂದು ಕೆ.ಜಿ. ಹೈಡ್ರೋಜನ್ ತಯಾರಿಸಲು ಒಳ್ಳೆಯ ಕಾರ್ಖಾನೆಗೂ 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಅದನ್ನು ಉರಿಸಿದರೆ ಸಿಗುವುದು ಸುಮಾರು 33 ಯೂನಿಟ್‌ನಷ್ಟು ಶಾಖ. ಎಂಜಿನ್‌ನಲ್ಲಿ ಅದರ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ, ಚಕ್ರ ತಿರುಗಿಸುವುದು ಉಳಿದ ಸ್ವಲ್ಪ ಮಾತ್ರ. ಇನ್ನು ಆ ಬ್ಯಾಟರಿಯನ್ನು ಚಾರ್ಜ್ ಮಾಡಿದ್ದು ಯಾರು? ಪೆಟ್ರೋಲ್ ಕುಡಿದ ಅದೇ ಎಂಜಿನ್. ತೂತು ಬಿಂದಿಗೆಯಲ್ಲಿ ಸೇದಿದ ನೀರನ್ನು ಅದೇ ಬಾವಿಗೆ ಸುರಿದು, ಬಾವಿ ತುಂಬಿತು ಅಂದ ಹಾಗಾಯಿತು. ಅಮೆರಿಕದ ಸ್ಟ್ಯಾನ್ಲಿ ಮೇಯರ್ ಎಂಬಾತ ನೀರಿನ ಗಾಡಿಯ ಹೆಸರಿನಲ್ಲಿ ಹೂಡಿಕೆ ಪಡೆದಿದ್ದ. 1996ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ವಂಚನೆ ಎಂದು ತೀರ್ಮಾನಿಸಿ ದುಡ್ಡು ವಾಪಸು ಕೊಡಿಸಿತು.

ದುಡ್ಡು ಹೋದರೆ ಹೋಗಲಿ, ಉಪ್ಪು ಹಾಕಿದಾಗ ಕ್ಲೋರಿನ್ ಅನಿಲವೂ ಹೊರಡುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ವಿಷ. ಹೈಡ್ರೋಜನ್ ಮತ್ತು ಆಮ್ಲಜನಕದ ಮಿಶ್ರಣಕ್ಕೆ ಒಂದು ಕಿಡಿ ತಾಗಿದರೂ ಸ್ಫೋಟ. ಮಕ್ಕಳಿರುವ ಗ್ರೂಪಿಗೆ ಈ ವಿಡಿಯೊ ಕಳಿಸಲೇಬೇಡಿ.

ವಿಚಿತ್ರವೆಂದರೆ, ಕಾರ್ಖಾನೆಗೆ ಬೇಕಾಗಿರುವುದೇ ಈ ಕ್ಲೋರಿನ್. ಕಾರವಾರದ ಬಿಣಗಾದಲ್ಲಿರುವಂಥ ಘಟಕಗಳು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ತೆಗೆಯುತ್ತವೆ. ಮೊದಲನೆಯದು ಸೋಪಿಗೆ. ಎರಡನೆಯದನ್ನು ಸುಣ್ಣದ ಜೊತೆ ಸೇರಿಸಿದರೆ ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್. ನಿಮ್ಮ ಅಡುಗೆಮನೆಯ ಅಲ್ಯೂಮಿನಿಯಂ ಕುಕ್ಕರ್ ಕೂಡ ವಿದ್ಯುದ್ವಿಭಜನೆಯ ಕೂಸೇ, ಒಂದು ಕೆ.ಜಿ. ಲೋಹಕ್ಕೆ 13ರಿಂದ 15 ಯೂನಿಟ್ ಬೇಕು. ಇಲ್ಲಿ ಯಾರೂ ವಿದ್ಯುತ್ ವಾಪಸು ಕೇಳುತ್ತಿಲ್ಲ, ಸರಕು ಕೇಳುತ್ತಿದ್ದಾರೆ.

ಹಾಗಾದರೆ ವಿದ್ಯುತ್ ಕೂಡಿಡಲು ಹೈಡ್ರೋಜನ್ ಆಗುವುದಿಲ್ಲವೇ? ಆಗುತ್ತದೆ, ಆದರೆ ಸುಂಕ ಜಾಸ್ತಿ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಮಧ್ಯಾಹ್ನ ಹುಟ್ಟುವ 100 ಯೂನಿಟ್ ಅನ್ನು ಬ್ಯಾಟರಿಯಲ್ಲಿಟ್ಟರೆ ಸುಮಾರು 85 ಮರಳಿ ಬರುತ್ತದೆ. ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಇಳಿಸಿದರೆ 75ರಿಂದ 80. ಹೈಡ್ರೋಜನ್ ಮಾಡಿ ಮತ್ತೆ ವಿದ್ಯುತ್ ಮಾಡಿದರೆ 30ರಿಂದ 40 ಅಷ್ಟೆ. ಸಂಜೆಯ ಬಳಕೆಗೆ ಅದು ಶುದ್ಧ ದಂಡ. ಬೇಸಿಗೆಯ ಬಿಸಿಲನ್ನು ಮಳೆಗಾಲದವರೆಗೆ ಇಡಬೇಕೆಂದರೆ ಮಾತ್ರ ಯೋಚಿಸಬಹುದು.

ನನ್ನ ಪ್ರಕಾರ ಅದನ್ನು ಮತ್ತೆ ವಿದ್ಯುತ್ ಮಾಡದೆ ನೇರ ಗೊಬ್ಬರಕ್ಕೆ ಕೊಡುವುದೇ ಜಾಣತನ. ಯೂರಿಯಾಕ್ಕೆ ಬೇಕಾದ ಹೈಡ್ರೋಜನ್ನನ್ನು ನಾವೀಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತೇವೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದಿಸುವ ಸಾಮರ್ಥ್ಯ ಅದರ ಗುರಿ. ಮೇಲಿನ ಲೆಕ್ಕ ಹಿಡಿದರೆ ಅಷ್ಟಕ್ಕೆ ವರ್ಷಕ್ಕೆ ಕನಿಷ್ಠ 25,000 ಕೋಟಿ ಯೂನಿಟ್ ಬೇಕು, ಅದೂ ಬಿಸಿಲು, ಗಾಳಿಯಂಥ ಮೂಲಗಳಿಂದ. ಕಲ್ಲಿದ್ದಲ ಕರೆಂಟು ಹಾಕಿದರೆ ಹಸಿರು ಎಂಬ ಹೆಸರಷ್ಟೇ ಉಳಿಯುತ್ತದೆ.