ಹಲ್ಲಿಗೆ ಹೆಸರಿಡುವ ಮುನ್ನ ಊರು ಕೇಳಿ

ಚೆನ್ನೈಯಲ್ಲಿರುವ ಕನ್ನಡಿಗರ ವಾರಾಂತ್ಯದ ಪ್ರವಾಸವೆಂದರೆ ಶ್ರೀರಂಗ, ತಂಜಾವೂರು. ಈಚೆಗೆ ಆ ಪಟ್ಟಿಗೆ ತಿರುಚ್ಚಿ ಹತ್ತಿರದ ಕಾರೈ ಕೂಡ ಸೇರಿಕೊಂಡಿದೆ. ಪೆರಂಬಲೂರು ಜಿಲ್ಲೆಯ ಈ ಹಳ್ಳಿಯ ಬಳಿ ಮಳೆನೀರು ಕೊರೆದ ಬೋಳು ಜೇಡಿಮಣ್ಣಿನ ದಿಬ್ಬಗಳಿವೆ. ಅಲ್ಲಿಗೆ ಹೋದವರು ಒಮ್ಮೊಮ್ಮೆ ಉಗುರಿನಷ್ಟು ದೊಡ್ಡ, ಹೊಳೆಯುವ ಹಲ್ಲೊಂದನ್ನು ಅಂಗೈಯಲ್ಲಿಟ್ಟು ಫೋಟೊ ಕಳಿಸುತ್ತಾರೆ. ‘ಆ್ಯಪ್‌ಗೆ ಹಾಕಿದೆ, ಇಂಥ ಶಾರ್ಕಿನದಂತೆ’ ಎಂಬ ಸಾಲೂ ಜೊತೆಗಿರುತ್ತದೆ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವ ನಾನು ಹೇಳುವುದಿಷ್ಟೇ: ಆ್ಯಪ್ ಕೊಡುವುದು ಹೆಸರು, ಗುರುತಲ್ಲ.

ಕರ್ನಾಟಕದಲ್ಲಿ ಬೆಳೆದವರಿಗೆ ಇಂಥ ಹಲ್ಲು ಕಂಡರೆ ಬೆರಗಾಗುವುದು ಸಹಜ. ನಾವು ನೋಡಿ ಬೆಳೆದ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಶಾರ್ಕ್ ಎಂಬ ಜೀವಿಯೇ ಇಲ್ಲದಿದ್ದಾಗಿನ ಕಲ್ಲು ಅದು. ಕಾರೈ, ಅರಿಯಲೂರಿನ ಕಥೆ ಬೇರೆ. ಭೂವಿಜ್ಞಾನಿಗಳು ಈ ಪ್ರದೇಶವನ್ನು ಕರೆಯುವುದು ‘ಕಾವೇರಿ ಬೇಸಿನ್’ ಎಂದು. ಹೆಸರು ನಮ್ಮ ನದಿಯದು, ಕಥೆ ಮಾತ್ರ ಸಮುದ್ರದ್ದು. ಗೋಂಡ್ವಾನ ಭೂಖಂಡ ಒಡೆದಾಗ ಇಲ್ಲಿ ನೆಲ ಕುಸಿಯಿತು, ಕ್ರಿಟೇಶಿಯಸ್ ಕಾಲದಲ್ಲಿ ಕಡಲು ಒಳನುಗ್ಗಿತು. ಕಾರೈನ ಜೇಡಿ ಆ ಕಡಲ ತಳದ ಕೆಸರು. ವಯಸ್ಸು ಸುಮಾರು 10 ಕೋಟಿ ವರ್ಷ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಬೇಗ ಕೊಳೆಯುತ್ತದೆ. ಉಳಿಯುವುದು ಬದುಕಿಡೀ ಸಾವಿರಗಟ್ಟಲೆ ಉದುರುವ ಹಲ್ಲು.

ಈ ಹಲ್ಲುಗಳನ್ನು ಗುರುತಿಸುವ ಮೊದಲ ಪಾಠ ಕಷ್ಟವಲ್ಲ. ನಡುವೆ ನಯವಾದ ಅಂಚಿನ ಎತ್ತರದ ತ್ರಿಕೋನ, ಅದರ ಎರಡೂ ಪಕ್ಕ ಪುಟ್ಟ ತ್ರಿಕೋನಗಳಿದ್ದರೆ ಕ್ರೆಟಲಾಮ್ನಾ ಇರಬಹುದು. ಪಕ್ಕದ ಮೊನೆಗಳಿಲ್ಲದೆ ಒಂದು ಬದಿಗೆ ವಾಲಿದ, ಅಂಚಿನಲ್ಲಿ ಗರಗಸದ ಕಚ್ಚುಗಳಿರುವ ಹಲ್ಲಾದರೆ ಸ್ಕ್ವಾಲಿಕೊರಾಕ್ಸ್ ಇರಬಹುದು. ಬಾಚಣಿಗೆಯಂತೆ ಸಾಲಾಗಿ ಮೊನೆಗಳಿದ್ದರೆ ಹಸು ಶಾರ್ಕ್ ಬಳಗದ್ದು. ಮೊನೆಯೇ ಇಲ್ಲದೆ ಚಪ್ಪಟೆಯಾಗಿ, ಮೇಲೆ ಏಣುಗಳಿದ್ದರೆ ಚಿಪ್ಪುಜೀವಿಗಳನ್ನು ಅರೆದು ತಿನ್ನುತ್ತಿದ್ದ ಟೈಕೋಡಸ್‌ನದು. ಬಣ್ಣವನ್ನು ಮಾತ್ರ ನಂಬಬೇಡಿ. ಅದು ಹೂತ ಮಣ್ಣಿನ ಖನಿಜದಿಂದ ಬಂದದ್ದು, ವಯಸ್ಸಿನಿಂದಲ್ಲ.

ಎರಡನೇ ಪಾಠದಲ್ಲಿ ‘ಇರಬಹುದು’ ಎಂಬ ಪದದ ಬೆಲೆ ಗೊತ್ತಾಗುತ್ತದೆ. ಒಂದೇ ಶಾರ್ಕಿನ ಬಾಯಲ್ಲಿ ಮುಂದಿನ ಹಲ್ಲು ನೆಟ್ಟಗೆ, ಪಕ್ಕದ್ದು ಓರೆ, ಹಿಂದಿನದು ಗಿಡ್ಡ. ಮರಿಯ ಹಲ್ಲು ಬೇರೆ, ದೊಡ್ಡದರ ಹಲ್ಲು ಬೇರೆ. ಸ್ಕ್ವಾಲಿಕೊರಾಕ್ಸ್‌ನ ಹಳೆಯ ಪ್ರಭೇದಗಳಲ್ಲಿ ಆ ಗರಗಸದ ಕಚ್ಚೂ ಸರಿಯಾಗಿ ಕಾಣದು. ಲೂಯಿ ಅಗಾಸಿ 1843ರಲ್ಲಿ ಹೆಸರಿಸಿದ ಕ್ರೆಟಲಾಮ್ನಾ ಅಪೆಂಡಿಕ್ಯುಲೇಟಾ ಎಂಬ ಪ್ರಭೇದಕ್ಕೆ ಜಗತ್ತಿನ ಮೂಲೆಮೂಲೆಯ ಹಲ್ಲುಗಳನ್ನು ಸೇರಿಸುತ್ತ ಬಂದರು. 2015ರ ಅಧ್ಯಯನವೊಂದು ಕೂಲಂಕಷವಾಗಿ ನೋಡಿದಾಗ ಆ ಒಂದು ಹೆಸರಿನ ಅಡಿಯಲ್ಲಿ ಹಲವು ಪ್ರಭೇದಗಳು ಅಡಗಿದ್ದವು. ಟೈಕೋಡಸ್ ಯಾವ ಬಳಗದ್ದೆಂಬ ಚರ್ಚೆ ಶತಮಾನ ದಾಟಿ ನಡೆಯಿತು. ಮೆಕ್ಸಿಕೊದಲ್ಲಿ ಇಡೀ ದೇಹದ ಪಳೆಯುಳಿಕೆ ಸಿಕ್ಕ ಮೇಲೆ, 2024ರಲ್ಲಿ, ಅದು ಇಂದಿನ ಬಿಳಿ ಶಾರ್ಕಿನ ಗಣಕ್ಕೇ ಸೇರಿದ್ದೆಂದು ತಿಳಿಯಿತು. ತಜ್ಞರೇ ಇಷ್ಟು ತಿಣುಕಿರುವಾಗ ಒಂದು ಬದಿಯ ಒಂದು ಫೋಟೊದಿಂದ ಉತ್ತರ ಹೇಗೆ ಬಂದೀತು?

ಹಾಗಾದರೆ ಗುರುತಿಗೆ ಆಧಾರ ಯಾವುದು? ಹಲ್ಲು ಸಿಕ್ಕ ಜಾಗ. ಪರವೂರಿನಲ್ಲಿ ಕನ್ನಡದವರು ಸಿಕ್ಕರೆ ನಾವು ಹೆಸರಿಗಿಂತ ಮೊದಲು ಕೇಳುವುದು ‘ಯಾವೂರು?’ ಎಂದು. ಊರು ಗೊತ್ತಾದರೆ ಅರ್ಧ ಪರಿಚಯವಾದಂತೆ. ಹಲ್ಲಿಗೂ ಅದೇ ಪ್ರಶ್ನೆ. ಯಾವ ಪದರ, ದಿಬ್ಬದ ಬುಡವೋ ನೆತ್ತಿಯೋ, ಮಣ್ಣಿನಲ್ಲಿ ಹೂತಿತ್ತೋ ಮೇಲಿಂದ ಉರುಳಿ ಬಂದದ್ದೋ? ಪದರ ತಿಳಿದರೆ ಕಾಲ ತಿಳಿಯುತ್ತದೆ, ಕಾಲ ತಿಳಿದರೆ ಯಾವ ಪ್ರಭೇದ ಸಾಧ್ಯ, ಯಾವುದು ಅಸಾಧ್ಯ ಎಂಬುದು ತಿಳಿಯುತ್ತದೆ. ನಮ್ಮ ಕಸುಬಿನಲ್ಲಿ ಮೂಲ ಗೊತ್ತಿಲ್ಲದ ಡೇಟಾವನ್ನು ಯಾರೂ ನಂಬುವುದಿಲ್ಲ. ಇಲ್ಲೇಕೆ ನಂಬಬೇಕು?

ಜಾಗದ ದಾಖಲೆ ಇಟ್ಟವರಿಂದಲೇ ಈ ನೆಲದ ಹೆಸರು ವಿಜ್ಞಾನಕ್ಕೆ ಸೇರಿದ್ದು. ಪುದುಚೇರಿ ಬಳಿ ಕೇ ಮತ್ತು ಕನ್ಲಿಫ್ ಸಂಗ್ರಹಿಸಿದ ಮೀನಿನ ಪಳೆಯುಳಿಕೆಗಳನ್ನು ಫಿಲಿಪ್ ಎಗರ್ಟನ್ 1845ರಲ್ಲೇ ವಿವರಿಸಿದರು. 2011ರಲ್ಲಿ ಕಾರೈನ ಪದರಗಳ ಹಲ್ಲುಗಳಿಂದ ಹೊಸ ಪ್ರಭೇದಗಳೇ ಹೊರಬಂದವು. ಅದರಲ್ಲೊಂದು ಡ್ವಾರ್ಡಿಯಸ್ ಸುಡಿಂಡಿಕಸ್. ದಕ್ಷಿಣ ಭಾರತ ಅದರ ಹೆಸರಿನಲ್ಲೇ ಇದೆ.

‘ಮಳೆಗೆ ಕೊಚ್ಚಿಹೋಗುವುದನ್ನು ನಾನು ತಂದರೆ ತಪ್ಪೇನು? ಸಿಮೆಂಟ್ ಗಣಿಗಳು ಲಾರಿಗಟ್ಟಲೆ ಸುಣ್ಣದಕಲ್ಲು ಸಾಗಿಸುತ್ತಿಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಣಿಗೆ ಹೋಗುವುದು ಹೋಗುತ್ತಿರುವಾಗ ಉಳಿದಿರುವುದರ ಬೆಲೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ನಾವು ಆರಿಸಿ ತರುವುದು ದೊಡ್ಡ, ಚೆಂದದ ಹಲ್ಲುಗಳನ್ನೇ. ಮುಂದೆ ಬರುವ ಸಂಶೋಧಕರಿಗೆ ಸಿಗುವುದು ಆರಿಸಿ ಬಿಟ್ಟ ಉಳಿಕೆ. ಶೋಕೇಸಿನಲ್ಲಿ ವಿಳಾಸವಿಲ್ಲದೆ ಕೂತ ಹಲ್ಲು ಅಲಂಕಾರವೇ ಹೊರತು ಪುರಾವೆಯಲ್ಲ.

ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂ ಪರಂಪರೆಯ ತಾಣಗಳ ರಕ್ಷಣೆಗೆ ಕರಡು ಮಸೂದೆ ಪ್ರಕಟಿಸಿತು. ಕಾನೂನಿನ ದಾರಿ ಕಾಯದೆಯೂ ನಾವು ಮಾಡಬಹುದಾದದ್ದಿದೆ. ಹಲ್ಲು ಕಂಡರೆ ಎತ್ತುವ ಮೊದಲು ಅದಿರುವ ಜಾಗದ ಫೋಟೊ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಉಳಿಸಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಎರಡೂ ಬದಿ, ಬೇರಿನ ಭಾಗವೂ ಕಾಣುವಂತೆ ತೆಗೆಯಿರಿ. ಹಲ್ಲನ್ನು ಅಲ್ಲೇ ಬಿಟ್ಟು, ವಿವರವನ್ನು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ಕಳಿಸಿ. ಮಕ್ಕಳಿಗೆ ಪಳೆಯುಳಿಕೆ ತೋರಿಸಬೇಕೆಂದರೆ ಅರಿಯಲೂರು ಬಳಿಯ ವಾರಣವಾಸಿಯಲ್ಲಿ ಮ್ಯೂಸಿಯಂ ಇದೆ, ಸಾತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರವಿದೆ.

ಬೇರೆ ರಾಜ್ಯದಲ್ಲಿ ದುಡಿಯುವ ನಾವು ಅಲ್ಲಿನ ಅನ್ನ, ನೀರಿನ ಋಣದ ಮಾತಾಡುತ್ತೇವೆ. ಆ ನೆಲದ 10 ಕೋಟಿ ವರ್ಷದ ದಾಖಲೆಯನ್ನು ಅದು ಇದ್ದಲ್ಲೇ ಉಳಿಸಿ ಬರುವುದೂ ಅದೇ ಋಣದ ಲೆಕ್ಕಕ್ಕೆ ಸೇರುತ್ತದೆ.