ಗೇಮಿಂಗ್ ಪಿಸಿಗೆ ವಯಸ್ಸಾಗುವುದು ಯಾವಾಗ?

2017ರಲ್ಲಿ ಗೇಮಿಂಗ್ ಪಿಸಿ ಕಟ್ಟಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿದವರಿಗೆ ಮಧ್ಯಮ ಬಜೆಟ್‌ನಲ್ಲಿ ಎರಡು ಪ್ರೊಸೆಸರ್‌ಗಳು ಎದುರಾಗುತ್ತಿದ್ದವು. ಇಂಟೆಲ್‌ನ ಕೋರ್ ಐ5-7600ಕೆಯಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಎಎಂಡಿ ಆ ಏಪ್ರಿಲ್‌ನಲ್ಲಷ್ಟೇ ಮಾರುಕಟ್ಟೆಗೆ ಬಿಟ್ಟಿದ್ದ ರೈಜೆನ್ 5 1600ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಅಮೆರಿಕದಲ್ಲಿ ಘೋಷಿಸಿದ ಬೆಲೆ ಮೊದಲನೆಯದಕ್ಕೆ 242 ಡಾಲರ್, ಎರಡನೆಯದಕ್ಕೆ 219. ಆ ಹೊತ್ತಿನ ಬಹಳಷ್ಟು ಗೇಮ್‌ಗಳಲ್ಲಿ ಇಂಟೆಲ್‌ನದೇ ಒಂದು ಕೈ ಮೇಲು. ಗೇಮ್ ಆಡಲೆಂದೇ ಪಿಸಿ ಎಂದವರು ಅದನ್ನು ಆರಿಸಿಕೊಂಡಿದ್ದರೆ ಅಂದಿನ ಮಟ್ಟಿಗೆ ಅದು ಸರಿಯಾದ ತೀರ್ಮಾನವೇ. ಇಬ್ಬರು ಗೆಳೆಯರು ಒಂದೊಂದನ್ನು ಕೊಂಡು, ಎರಡಕ್ಕೂ ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡರು ಎಂದಿಟ್ಟುಕೊಳ್ಳೋಣ. ಇಂದು ಇಬ್ಬರ ಪ್ರಶ್ನೆಯೂ ಒಂದೇ: ಅಪ್‌ಗ್ರೇಡ್ ಮಾಡಿಸುವುದೋ, ಹೊಸದನ್ನೇ ಕೊಳ್ಳುವುದೋ, ಇನ್ನೆರಡು ವರ್ಷ ಹೀಗೇ ಓಡಿಸುವುದೋ? ಉತ್ತರ ಮಾತ್ರ ಇಬ್ಬರಿಗೂ ಬೇರೆ ಬೇರೆ.

ಐದು ವರ್ಷವಾದರೆ ಪಿಸಿ ಬದಲಿಸಬೇಕು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಎರಡು ಮೂರು ವರ್ಷಕ್ಕೆ ಪ್ರೊಸೆಸರ್ ವೇಗ ದುಪ್ಪಟ್ಟಾಗುತ್ತಿದ್ದ ಕಾಲದ ಲೆಕ್ಕ ಅದು. 2011ರ ಜನವರಿಯಲ್ಲಿ ಬಂದ ಐ7-2600ಕೆ ಎಷ್ಟೋ ಮನೆಗಳಲ್ಲಿ ಹತ್ತಿರ ಹತ್ತಿರ ಒಂದು ದಶಕ ಗೇಮ್ ಆಡಿಸಿತು. ಅಲ್ಲದೆ ಪಿಸಿ ಎಂಬುದು ಒಂದೇ ವಸ್ತುವಲ್ಲ. ಕ್ಯಾಬಿನೆಟ್‌ಗೆ ವಯಸ್ಸೇ ಇಲ್ಲ. ಒಳ್ಳೆಯ ಎಸ್‌ಎಂಪಿಎಸ್ ಹತ್ತು ವರ್ಷ ದುಡಿಯಬಲ್ಲದು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಗ ಹಿಂದೆ ಬೀಳುತ್ತದೆ. ಇಡೀ ಪೆಟ್ಟಿಗೆಗೆ ಒಂದೇ ಜನ್ಮದಿನ ಬರೆದು ಲೆಕ್ಕ ಹಾಕುವುದರಿಂದಲೇ ಬೇಡದ ಖರ್ಚು ಶುರುವಾಗುತ್ತದೆ.

ಪಿಸಿ ಎರಡು ರೀತಿಯಲ್ಲಿ ಹಳತಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಒಂದು, ನಿಧಾನವಾಗುವುದು. ಇನ್ನೊಂದು, ಗೇಮ್ ಅದನ್ನು ಒಳಗೇ ಬಿಟ್ಟುಕೊಳ್ಳದಿರುವುದು.

ನಿಧಾನದ ಜೊತೆ ರಾಜಿ ಸಾಧ್ಯ. ಅಲ್ಟ್ರಾದಲ್ಲಿದ್ದ ಸೆಟ್ಟಿಂಗನ್ನು ಹೈಗೋ ಮೀಡಿಯಂಗೋ ಇಳಿಸಿದರೆ, ಅದರಲ್ಲೂ ನೆರಳು ಮತ್ತು ಪ್ರತಿಫಲನಗಳನ್ನು ಕಡಿಮೆ ಮಾಡಿದರೆ, ಚಿತ್ರ ಸ್ವಲ್ಪವೇ ಕೆಡುತ್ತದೆ, ಎಫ್‌ಪಿಎಸ್ ಚೆನ್ನಾಗಿ ಏರುತ್ತದೆ. ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್ ತಂತ್ರ ಎದುರಾಳಿ ಎನ್‌ವಿಡಿಯಾದ ಹಳೆಯ ಕಾರ್ಡ್‌ಗಳಲ್ಲೂ ಓಡುತ್ತದೆ; ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ತಯಾರಿಸಿ ಹಿಗ್ಗಿಸುವುದು ಅದರ ಕೆಲಸ. ಜಿಟಿಎಕ್ಸ್ 1060ರಂಥ ಕಾರ್ಡ್‌ಗಳಿಗೆ ಇದು ವರ್ಷಗಳ ಆಯುಷ್ಯವನ್ನೇ ಸೇರಿಸಿತು. ಮೇಜಿನ ಮೇಲಿನ ಮಾನಿಟರ್ 60 ಹರ್ಟ್ಸ್‌ನದಾಗಿದ್ದರೆ ಪಿಸಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ತೆಗೆದುಕೊಂಡರೂ ಸಾಕು. 144 ಹರ್ಟ್ಸ್ ಪರದೆಯವರಿಗೆ ಅದೇ ಕೆಲಸ 6.9 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಪಿಸಿ ಸಾಲದು ಎನ್ನುವ ಮೊದಲು ಅದು ಯಾವ ಪರದೆಗೆ ದುಡಿಯುತ್ತಿದೆ ಎಂಬುದನ್ನು ನೋಡಬೇಕು.

ಬಾಗಿಲೇ ಮುಚ್ಚಿದರೆ ಸೆಟ್ಟಿಂಗ್ ಇಳಿಸಿ ಏನೂ ಪ್ರಯೋಜನವಿಲ್ಲ. 2017ರ ಮಾರ್ಚಿನಲ್ಲಿ ಬಂದ ಜಿಟಿಎಕ್ಸ್ 1080 ಟಿಐ ಆ ಕಾಲದ ದೈತ್ಯ: 11 ಜಿಬಿ ಮೆಮೊರಿ, 699 ಡಾಲರ್ ಬೆಲೆ. 2019ರಲ್ಲಿ ಬಂದ 399 ಡಾಲರಿನ ಆರ್‌ಟಿಎಕ್ಸ್ 2060 ಸೂಪರ್ ಬರಿಯ ಬಲದಲ್ಲಿ ಅದರ ಮುಂದೆ ನಿಲ್ಲುವುದಿಲ್ಲ. ಆದರೆ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ ಕನಿಷ್ಠ ಅರ್ಹತೆಯಾಗಿ ಕೇಳಿದ್ದು 2060 ಸೂಪರನ್ನೇ. ರೇ ಟ್ರೇಸಿಂಗ್‌ಗೆ ಬೇಕಾದ ಯಂತ್ರಾಂಶ ಇಲ್ಲದ 1080 ಟಿಐಗೆ ಅಲ್ಲಿ ಪ್ರವೇಶವಿಲ್ಲ. 2025ರ ಮೇನಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಕೂಡ ಅದೇ ಷರತ್ತು ಹಾಕಿತು. ‘ಅಲನ್ ವೇಕ್ 2’ರ ಕಥೆ ಇನ್ನೊಂದು ಬಗೆಯದು. 2023ರ ಅಕ್ಟೋಬರ್‌ನಲ್ಲಿ ಬಂದಾಗ ಅದು ಮೆಶ್ ಶೇಡರ್ ಸೌಲಭ್ಯವನ್ನು ನೆಚ್ಚಿಕೊಂಡಿತ್ತು. ಅದಿಲ್ಲದ ಜಿಟಿಎಕ್ಸ್ 10 ಸರಣಿಯ (1060, 1080 ಟಿಐ ಮುಂತಾದ) ಕಾರ್ಡ್‌ಗಳಲ್ಲಿ ಗೇಮ್ ತೆವಳಿತು. 2024ರ ಮಾರ್ಚ್‌ನ ಅಪ್‌ಡೇಟ್ ಬಂದ ಮೇಲೆ ಅದೇ ಕಾರ್ಡ್‌ಗಳಲ್ಲಿ ಎಷ್ಟೋ ಸುಧಾರಿಸಿತು. ಮುಚ್ಚಿದ ಬಾಗಿಲು ಒಮ್ಮೊಮ್ಮೆ ಅರ್ಧ ತೆರೆಯುವುದೂ ಉಂಟು.

ಗೇಮ್‌ಗಳಷ್ಟೇ ಅಲ್ಲ, ವಿಂಡೋಸ್ ಕೂಡ ಬಾಗಿಲು ಹಾಕುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ ಮನೆಬಳಕೆಯ ಪಿಸಿಗಳಿಗೆ ಇನ್ನೊಂದು ವರ್ಷದ ಅವಕಾಶ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಅದೇ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ 10 ಸರಣಿಯ ಕಾರ್ಡ್‌ಗಳಿಗೆ ಹೊಸ ಗೇಮ್‌ಗಳಿಗೆ ಹೊಂದಿಸಿದ ಡ್ರೈವರ್ ಕೊಡುವುದನ್ನು ನಿಲ್ಲಿಸಿತು. ಭದ್ರತೆಗೆ ಸಂಬಂಧಿಸಿದ ಡ್ರೈವರ್‌ಗಳು ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತವೆ.

ಇಷ್ಟು ಬಾಗಿಲು ಮುಚ್ಚಿದ ಮೇಲೂ, ಅವು ಯಾರಿಗೆ ಮುಚ್ಚಿದವು ಎಂದು ಕೇಳಲೇಬೇಕು. ಸ್ಟೀಮ್‌ನ ಬಳಕೆದಾರರ ಸಮೀಕ್ಷೆಯಲ್ಲಿ ಜಿಟಿಎಕ್ಸ್ 1060 ವರ್ಷಗಟ್ಟಲೆ, 2022ರವರೆಗೂ, ಮೊದಲ ಸ್ಥಾನದಲ್ಲಿತ್ತು. ಅಷ್ಟು ಜನ ಒಂದೇ ಕಾರ್ಡನ್ನು ಇಟ್ಟುಕೊಂಡಿದ್ದರೆ ಅವರು ಆಡುತ್ತಿದ್ದ ಗೇಮ್‌ಗಳಿಗೆ ಅದು ಸಾಕಾಗಿತ್ತೆಂದೇ ಅರ್ಥ. ಸಂಜೆ ಎರಡು ಗಂಟೆ ವ್ಯಾಲರೆಂಟ್ ಆಡುವ ಹುಡುಗನಿಗೆ ಇಂಡಿಯಾನಾ ಜೋನ್ಸ್ ಬೇಡವಾಗಿದ್ದರೆ, ಬೇರೆಯವರ ಪಟ್ಟಿ ನೋಡಿ ಮನೆಯ ದುಡ್ಡು ಖರ್ಚು ಮಾಡಿಸುವುದು ಅನ್ಯಾಯ. ಆ ಹುಡುಗನಿಗೆ ಬೇರೊಂದು ಷರತ್ತಿದೆ: ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಓಡಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಬೇಕು. 2025ರ ‘ಬ್ಯಾಟಲ್‌ಫೀಲ್ಡ್ 6’ ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ. ಎಷ್ಟೋ ಪಿಸಿಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿ ಕೂತಿರುತ್ತದೆ ಅಷ್ಟೆ. ಅದನ್ನು ಆನ್ ಮಾಡಲು ಒಂದು ರೂಪಾಯಿ ಖರ್ಚಿಲ್ಲ.

ಹೆಚ್ಚು ಖರ್ಚಿಲ್ಲದೆ ಸಿಗುವ ಅಪ್‌ಗ್ರೇಡ್‌ಗಳು ಇನ್ನೂ ಇವೆ. ವರ್ಷಗಳಿಂದ ತೆರೆಯದ ಕ್ಯಾಬಿನೆಟ್‌ನ ಪಕ್ಕದ ಫಲಕ ಬಿಚ್ಚಿದರೆ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಧೂಳು ಹತ್ತಿಯ ಹಾಸಿನ ಹಾಗೆ ಗಟ್ಟಿಯಾಗಿ ಕೂತಿರುವುದು ಕಾಣುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ದಾಟುವುದಿಲ್ಲ. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಜಿಟಿಎಕ್ಸ್ 10 ಸರಣಿಯ ಕಾರ್ಡ್‌ಗಳು ಸಾಮಾನ್ಯವಾಗಿ 83 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಹೊರಗೇ 40 ದಾಟಿರುವಾಗ ಆ ಗಡಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಬ್ರಷ್, ಬ್ಲೋವರ್, ಒಂದು ಸಣ್ಣ ಪೇಸ್ಟ್ ಟ್ಯೂಬ್ ಇಷ್ಟರಿಂದಲೇ ಕಳೆದುಹೋದ ವೇಗ ಮರಳಿ ಬಂದ ಪಿಸಿಗಳು ಬೇಕಾದಷ್ಟಿವೆ.

ರ‍್ಯಾಮ್ ವಿಷಯವೂ ಹೀಗೆಯೇ. ಬಜೆಟ್ ಉಳಿಸಲು 8 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಇನ್ನೊಂದನ್ನು ಆಮೇಲೆ ನೋಡೋಣ ಎನ್ನುವುದು ನಮ್ಮಲ್ಲಿ ಸಾಮಾನ್ಯ. ಆ ಆಮೇಲೆ ಬರುವುದೇ ಇಲ್ಲ. ಒಂದೇ ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಮೆಮೊರಿಯ ದಾರಿ ಅರ್ಧ ಮಾತ್ರ ತೆರೆದಂತೆ. ಎರಡು ಸ್ಟಿಕ್ ಇದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ, ತುಂಬಿದ ಸ್ಲಾಟ್‌ಗಳ ಸಂಖ್ಯೆ ಎರಡೂ ಕಾಣುತ್ತವೆ. ಅದನ್ನು ನೋಡದೆ ಯಾರೂ ಅಂಗಡಿಗೆ ಹೋಗಬಾರದು.

ಇಷ್ಟಾದ ಮೇಲೂ ಸಾಲದೆಂದರೆ, ಎಲ್ಲಿ ಸಾಲದು ಎಂದು ಕಂಡುಹಿಡಿಯಬೇಕು. ಪರೀಕ್ಷೆ ಸುಲಭ. ಗೇಮ್‌ನ ರೆಸಲ್ಯೂಶನನ್ನು 1080ರಿಂದ 720ಕ್ಕೆ ಇಳಿಸಿ ನೋಡುವುದು. ಎಫ್‌ಪಿಎಸ್ ಜಿಗಿದರೆ ಬಾಟಲ್‌ನೆಕ್ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್‌ನಲ್ಲಿ. ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಚಿತ್ರ ತಡವರಿಸುತ್ತಿದ್ದರೆ ಹಾರ್ಡ್ ಡಿಸ್ಕ್ ಕಡೆ ನೋಡಬೇಕು. 2023ರ ‘ಸ್ಟಾರ್‌ಫೀಲ್ಡ್’ ಎಸ್‌ಎಸ್‌ಡಿಯನ್ನು ಕಡ್ಡಾಯವೆಂದೇ ಹೇಳಿತು. ಎಸ್‌ಎಸ್‌ಡಿಗೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ. ಮುಂದೆ ಹೊಸ ಪಿಸಿ ಬಂದರೆ ಅದಕ್ಕೇ ಸೇರಿಕೊಳ್ಳುತ್ತದೆ.

ಕಾರ್ಡ್ ಆರಿಸುವಾಗ ಅಗ್ಗದ್ದೆಂದು ಮುಗಿಬೀಳುವುದು ಅಪಾಯ. 2022ರ ಜನವರಿಯಲ್ಲಿ ಎಎಂಡಿ ತಂದ ಆರ್‌ಎಕ್ಸ್ 6500 ಎಕ್ಸ್‌ಟಿ ಮದರ್‌ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ಲೇನ್‌ಗಳಲ್ಲಿ, ಮೆಮೊರಿಯೂ 4 ಜಿಬಿ. ಪಿಸಿಐಇ 4.0 ಬೋರ್ಡ್‌ನಲ್ಲಿ ಪರವಾಗಿಲ್ಲ ಎನಿಸುವ ಅದು 3.0 ಬೋರ್ಡ್‌ನಲ್ಲಿ ಕೆಲವು ಗೇಮ್‌ಗಳಲ್ಲಿ ಮುಗ್ಗರಿಸುತ್ತದೆ. ಹಳೆಯ ಪಿಸಿಯವರ ಬಳಿ ಇರುವುದು 3.0 ಬೋರ್ಡೇ. ಅಂದರೆ ಯಾರ ಜೇಬಿಗೆ ಅದು ಒಪ್ಪುವಂತಿತ್ತೋ ಅವರಿಗೇ ಹೆಚ್ಚು ನಷ್ಟ. ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಒಳ್ಳೆಯ ಸುದ್ದಿಯಿದೆ. ಜಿಟಿಎಕ್ಸ್ 1060ಕ್ಕೆ 120 ವ್ಯಾಟ್ ಬೇಕಿತ್ತು, 2023ರ ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಸಾಕು. ಎಸ್‌ಎಂಪಿಎಸ್ ಒಳ್ಳೆಯ ಕಂಪನಿಯದಾಗಿದ್ದು ಸುಸ್ಥಿತಿಯಲ್ಲಿದ್ದರೆ ಬದಲಿಸಬೇಕಿಲ್ಲ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಆಗಿದ್ದರೆ ಕಾರ್ಡಿಗಿಂತ ಮೊದಲು ಅದನ್ನೇ ತೆಗೆಯಬೇಕು.

ಈಗ ಆ ಇಬ್ಬರು ಗೆಳೆಯರ ವಿಷಯ. ರೈಜೆನ್ ಕೊಂಡವನ ಬಿ350 ಬೋರ್ಡಿಗೆ 2020ರ ರೈಜೆನ್ 5000 ಸರಣಿ ಹಾಕಲು ಎಎಂಡಿ ಮೊದಲು ಅವಕಾಶ ಕೊಟ್ಟಿರಲಿಲ್ಲ, 2022ರಲ್ಲಿ ಕೊಟ್ಟಿತು. ಆರು ಕೋರ್‌ನ ರೈಜೆನ್ 5 5600ನ್ನೋ, 96 ಎಂಬಿ ಕ್ಯಾಶ್‌ನಿಂದ ಗೇಮ್‌ಗಳಲ್ಲಿ ಹೆಸರು ಮಾಡಿದ ರೈಜೆನ್ 7 5800ಎಕ್ಸ್3ಡಿಯನ್ನೋ ಅದೇ ಸಾಕೆಟ್‌ನಲ್ಲಿ ಕೂರಿಸಬಹುದು. ಬೋರ್ಡ್ ಅದೇ, ರ‍್ಯಾಮ್ ಅದೇ. ಹಳೆಯ 1600 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, 5600 ಇದೆ. ಒಂದು ಚಿಪ್ ಬದಲಿಸಿದರೆ ಆ ಬಾಗಿಲೂ ತೆರೆಯುತ್ತದೆ. ಎಚ್ಚರಿಕೆ ಒಂದೇ: ಬೋರ್ಡ್ ತಯಾರಕರ ಪಟ್ಟಿಯಲ್ಲಿ ಆ ಚಿಪ್ ಇದೆಯೇ ನೋಡಿಕೊಂಡು, ಹಳೆಯ ಪ್ರೊಸೆಸರ್ ಬಿಚ್ಚುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಅದು ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಯುಪಿಎಸ್ ಇಲ್ಲದ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ಇಂಟೆಲ್ ಕೊಂಡವನಿಗೆ ಆ ಸೌಕರ್ಯ ಇಲ್ಲ. 2017ರ ಅಕ್ಟೋಬರ್‌ನಲ್ಲೇ ಬಂದ ಎಂಟನೇ ತಲೆಮಾರಿನ ಚಿಪ್‌ಗಳ ಸಾಕೆಟ್‌ನಲ್ಲೂ ಪಿನ್‌ಗಳ ಸಂಖ್ಯೆ ಹಳೆಯದರಷ್ಟೇ, 1151. ಆದರೂ ಇಂಟೆಲ್ ಅವಕ್ಕೆ ಹೊಸ ಬೋರ್ಡ್ ಕಡ್ಡಾಯ ಮಾಡಿತು. ಹಳೆಯ ಬೋರ್ಡಿನ ತುದಿ ಐ7-7700ಕೆ. ಅದೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಂಥ ಚಿಪ್ಪನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಹಾಕಿಸುವುದು ಹಣ ಕಳೆದುಕೊಳ್ಳುವ ದಾರಿ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾಗಬೇಕೆಂದರೆ ಅದನ್ನು ಹೊಸ ಪಿಸಿ ಎಂದೇ ಲೆಕ್ಕ ಹಾಕುವುದು ಪ್ರಾಮಾಣಿಕತೆ. ಬಿಡಿಬಿಡಿಯಾಗಿ ಸೇರಿಸುತ್ತ ಹೋಗುವುದಕ್ಕಿಂತ ಒಮ್ಮೆಗೇ ಹೊಸದು ಕೊಳ್ಳುವುದು ವಾಸಿ ಎಂಬ ವಾದ ಈ ಸಂದರ್ಭದಲ್ಲಿ ನಿಜಕ್ಕೂ ಗಟ್ಟಿಯಾದದ್ದು.

ಹಾಗಾದರೆ ಬೆಲೆ ಇಳಿಯಲಿ ಎಂದು ಕಾಯಬಹುದಲ್ಲ ಎನ್ನುವವರಿದ್ದಾರೆ. ಕಂಪ್ಯೂಟರ್ ಬಿಡಿಭಾಗಗಳ ಬೆಲೆ ಇಳಿಯುತ್ತಲೇ ಇರುತ್ತದೆ ಎಂಬ ನಂಬಿಕೆಯನ್ನು ಈ ದಶಕ ಎರಡು ಸಲ ಮುರಿದಿದೆ. 2021ರಲ್ಲಿ ಚಿಪ್ ಕೊರತೆಯ ಜೊತೆಗೆ ಕ್ರಿಪ್ಟೋ ಮೈನಿಂಗ್ ಸೇರಿ ಗ್ರಾಫಿಕ್ಸ್ ಕಾರ್ಡ್‌ಗಳು ಘೋಷಿತ ಬೆಲೆಗೆ ಸಿಗದಾದವು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು, ಆ ಬೇಡಿಕೆ ಕುಸಿಯಿತು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಸಿಕ್ಕಿ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ಮೀರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಜನಪ್ರಿಯ ಕ್ರೂಶಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಘೋಷಿಸಿತು.

ಈ ಬೆಲೆಯಲ್ಲಿ ಇಂಟೆಲ್ ಗೆಳೆಯನ ಹಳೆಯ ಡಿಡಿಆರ್4 ರ‍್ಯಾಮ್‌ಗೆ ಹೊಸ ಮಹತ್ವ ಬಂದಿದೆ. ಎಎಂಡಿಯ ಎಎಂ5 ಬೋರ್ಡ್‌ಗಳು ಡಿಡಿಆರ್5 ಬಿಟ್ಟು ಬೇರೆ ಒಪ್ಪುವುದಿಲ್ಲ. ಆದರೆ ಇಂಟೆಲ್‌ನ ಹನ್ನೆರಡರಿಂದ ಹದಿನಾಲ್ಕನೇ ತಲೆಮಾರಿನ ಚಿಪ್‌ಗಳಿಗೆ ಡಿಡಿಆರ್4 ಬೋರ್ಡ್‌ಗಳೂ ಇವೆ. ಐ5-12400ಎಫ್‌ನಂಥ ಆರು ಕೋರ್‌ನ ಚಿಪ್, ಜೊತೆಗೊಂದು ಡಿಡಿಆರ್4 ಬೋರ್ಡ್ ಕೊಂಡರೆ ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲವೂ ಹಳೆಯವೇ ಸಾಕು. ಸದ್ಯಕ್ಕೆ ಜಿಟಿಎಕ್ಸ್ 1060 ಕೂಡ ಅಲ್ಲೇ ಇರಲಿ. ರೇ ಟ್ರೇಸಿಂಗ್ ಕೇಳುವ ಗೇಮೊಂದನ್ನು ಆಡಲೇಬೇಕು ಎನಿಸಿದ ದಿನ ಕಾರ್ಡಿನ ದುಡ್ಡು ಹೊಂದಿಸಬಹುದು.