ಗ್ರಿಡ್‌ಗೂ ಬೇಕು, ಮನೆಗೂ ಬೇಕು ‘ಮ್ಯಾನುವಲ್ ಮೋಡ್’

2025ರ ಮೇ ತಿಂಗಳಲ್ಲಿ, ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ, ಒಂದು ಸಂದೇಶ ದೇಶದ ತುಂಬ ಹರಿದಾಡಿತು. ಪಾಕಿಸ್ತಾನದ ಸೈಬರ್ ದಾಳಿಯಿಂದ ಭಾರತದ ಶೇ 70ರಷ್ಟು ವಿದ್ಯುತ್ ಜಾಲ ನಿಂತುಹೋಗಿದೆ ಎಂಬುದು ಅದರ ಸಾರ. ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೂ ಅದು ಬಂತು. ಓದುವಾಗ ನನ್ನ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು! ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅದು ಸುಳ್ಳು ಎಂದು ಸ್ಪಷ್ಟಪಡಿಸಿತು. ಎಟಿಎಂಗಳು ಎರಡು–ಮೂರು ದಿನ ಮುಚ್ಚಿರುತ್ತವೆ ಎಂದು ಅದೇ ವಾರ ಹಬ್ಬಿದ್ದ ಇನ್ನೊಂದು ಸಂದೇಶಕ್ಕೂ ಅದೇ ಗತಿಯಾಯಿತು.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿರುವ ನಾವು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಗ್ರೂಪಿನಲ್ಲಿ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಹಾಗೇ ಉಳಿದುಕೊಂಡಿತು: ‘ಇದು ಸುಳ್ಳು, ಸರಿ. ಆದ್ರೆ ನಿಜವಾಗೋಕೆ ಸಾಧ್ಯಾನಾ?’

ಸಾಧ್ಯ. ಹಿಂದೆ ಆಗಿಯೂ ಇದೆ.

ಮೌಸ್ ತಾನೇ ಓಡಿದ ದಿನ

2015ರ ಡಿಸೆಂಬರ್ 23ರ ಮಧ್ಯಾಹ್ನ ಉಕ್ರೇನಿನ ಇವಾನೊ–ಫ್ರಾಂಕಿವ್‌ಸ್ಕ್ ಪ್ರದೇಶದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಕಂಪ್ಯೂಟರ್ ಪರದೆಯ ಮೇಲಿನ ಬಾಣದ ಗುರುತು ತಾನಾಗಿಯೇ ಓಡಾಡತೊಡಗಿತು. ಸಿಬ್ಬಂದಿ ನೋಡನೋಡುತ್ತಿದ್ದಂತೆ ಒಂದಾದ ಮೇಲೊಂದು ಬ್ರೇಕರ್ ತೆರೆದುಕೊಂಡವು. ಮೂರು ವಿತರಣಾ ಕಂಪನಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದಾಳಿ ನಡೆದು ಸುಮಾರು 2.25 ಲಕ್ಷ ಗ್ರಾಹಕರು ಕತ್ತಲಾದರು. ಸೈಬರ್ ದಾಳಿಯಿಂದ ವಿದ್ಯುತ್ ಹೋಗಿದ್ದು ಜಗತ್ತಿಗೆ ಖಚಿತವಾಗಿ ಗೊತ್ತಾದ ಮೊದಲ ಪ್ರಕರಣ ಇದು.

ದಾಳಿಕೋರರು ಒಳಬಂದ ದಾರಿ ಬಹಳ ಸಾಮಾನ್ಯದ್ದು: ಇ–ಮೇಲ್‌ನಲ್ಲಿ ಬಂದ ಒಂದು ಆಫೀಸ್ ಫೈಲ್. ಅದನ್ನು ತೆರೆದು ‘ಮ್ಯಾಕ್ರೊ’ಗೆ ಅನುಮತಿ ಕೊಟ್ಟರೆ ‘ಬ್ಲ್ಯಾಕ್‌ಎನರ್ಜಿ’ ಎಂಬ ಮಾಲ್‌ವೇರ್ ಒಳಗೆ ಕೂರುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಅವರು ಒಳಗೇ ಇದ್ದು ಪಾಸ್‌ವರ್ಡ್‌ಗಳನ್ನು ಕದ್ದು, ಜಾಲ ಹೇಗೆ ಕೆಲಸ ಮಾಡುತ್ತದೆಂದು ಕಲಿತರು. ದಾಳಿಯ ದಿನ ಬ್ರೇಕರ್ ತೆರೆದಿದ್ದಷ್ಟೇ ಅಲ್ಲದೆ ಕಂಪ್ಯೂಟರ್‌ಗಳನ್ನು ಅಳಿಸಿಹಾಕಿದರು. ದೂರು ಕೊಡಲು ಜನ ಫೋನ್ ಮಾಡಿದರೆ ಲೈನ್ ಸಿಗದಂತೆ ಕಾಲ್ ಸೆಂಟರ್‌ಗೆ ಸಾವಿರಾರು ಸುಳ್ಳು ಕರೆಗಳನ್ನೂ ಹರಿಸಿದರು.

ನನಗೆ ಇದಕ್ಕಿಂತ ಮುಖ್ಯ ಎನಿಸಿದ್ದು ಕರೆಂಟ್ ವಾಪಸ್ ಬಂದ ರೀತಿ. ಹೆಚ್ಚೆಂದರೆ ಆರು ತಾಸಿನಲ್ಲಿ ಎಲ್ಲೆಡೆ ಬೆಳಕಾಯಿತು. ಯಾವುದೋ ಸಾಫ್ಟ್‌ವೇರ್ ಅದನ್ನು ತಂದುಕೊಟ್ಟಿದ್ದಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಬ್ರೇಕರ್‌ಗಳನ್ನು ಕೈಯಿಂದ ಹಾಕಿದರು. ಕೈಯಿಂದ ನಡೆಸುವ ವ್ಯವಸ್ಥೆ ಅಲ್ಲಿ ಇನ್ನೂ ಇತ್ತು, ಅದನ್ನು ಬಲ್ಲ ಜನರೂ ಇದ್ದರು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಚಳಿಗಾಲದ ಕತ್ತಲೆ ಬಹಳ ಉದ್ದವಾಗುತ್ತಿತ್ತು.

ನಾವೂ ಅದೇ ಜಾಲದಲ್ಲಿ

‘ಉಕ್ರೇನ್ ಎಲ್ಲಿ, ನಾವೆಲ್ಲಿ’ ಎನ್ನುವವರಿಗೆ ಒಂದು ಹಳೆಯ ಘಟನೆ ನೆನಪಿಸಬೇಕು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ ಮತ್ತು ಈಶಾನ್ಯದ ಗ್ರಿಡ್‌ಗಳೂ ಬಿದ್ದು ಸುಮಾರು 62 ಕೋಟಿ ಜನರಿಗೆ ತೊಂದರೆಯಾಯಿತು. ಅದು ಸೈಬರ್ ದಾಳಿಯಲ್ಲ. ಅಂದು ಕರ್ನಾಟಕದ ಜಾಲ ಕುಸಿಯಲಿಲ್ಲ. ಏಕೆಂದರೆ ದಕ್ಷಿಣದ ಗ್ರಿಡ್ ಆಗ ಉಳಿದವುಗಳ ಜೊತೆ ಒಂದೇ ತಾಳಕ್ಕೆ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಗ್ರಿಡ್‌ಗೆ ಸೇರಿತು.

ಇದರಿಂದ ಲಾಭವೇ ಹೆಚ್ಚು. ಬೇಸಿಗೆಯಲ್ಲಿ ನಮಗೆ ಕೊರತೆಯಾದರೆ ಬೇರೆ ಕಡೆಯಿಂದ ವಿದ್ಯುತ್ ತರಬಹುದು. ಆದರೆ ದೂರದ ಪೆಟ್ಟು ಇಲ್ಲಿಗೂ ತಲುಪಬಹುದು ಎಂಬುದು ಅದರ ಇನ್ನೊಂದು ಮುಖ.

ಕರೆಂಟ್ ಹೋಗದೆಯೂ ಬದುಕು ನಿಲ್ಲಬಹುದು ಎಂಬುದನ್ನು ನಮ್ಮ ದೇಶವೇ ನೋಡಿದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಸುಮಾರು ಎರಡು ವಾರ ನೋಂದಣಿ, ಲ್ಯಾಬ್ ವರದಿಗಳಂಥ ಕೆಲಸ ಪೆನ್ನು–ಕಾಗದದಲ್ಲಿ ನಡೆಯಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ–ಎಡ್ಜ್ ಕಂಪನಿಯ ಮೇಲೆ ಅಂಥದ್ದೇ ದಾಳಿಯಾದಾಗ, ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐನಂಥ ಪಾವತಿ ಸೇವೆ ಸಿಗದಾಯಿತು. ದಾಳಿ ಒಂದೇ ಕಂಪನಿಯ ಮೇಲೆ, ತೊಂದರೆ ಊರೂರಿಗೆ.

ಕಾರಣ ಆಮೇಲೆ, ಕತ್ತಲೆ ಮೊದಲು

2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಬಹುತೇಕ ಇಡೀ ದೇಶಗಳೇ ಕತ್ತಲಾದವು. ಮೊದಲು ಎಲ್ಲರ ಬಾಯಲ್ಲೂ ಸೈಬರ್ ದಾಳಿಯ ಮಾತು. ತನಿಖೆಯಲ್ಲಿ ಕಂಡಿದ್ದು ಬೇರೆ: ಜಾಲದಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಸರಣಿ ಕುಸಿತವಾಗಿತ್ತು. ಆದರೆ ಅಂದು ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರಿಗೆ, ಕಾರ್ಡ್ ಹಿಡಿದು ಅಂಗಡಿ ಮುಂದೆ ನಿಂತವರಿಗೆ ಕಾರಣ ಯಾವುದಾದರೇನು? ಬ್ಯಾಟರಿ ರೇಡಿಯೊ ಕೊಳ್ಳಲು ಜನ ಸಾಲು ನಿಂತರು. ಟವರ್‌ಗಳ ಬ್ಯಾಟರಿ ಮುಗಿಯುತ್ತಿದ್ದಂತೆ ಮೊಬೈಲ್ ಕೂಡ ಮೌನವಾಯಿತು. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಯುರೋಪಿಯನ್ ಒಕ್ಕೂಟವು ಪ್ರತಿ ಮನೆಯೂ ಕನಿಷ್ಠ 72 ಗಂಟೆ ತನ್ನ ಕಾಲ ಮೇಲೆ ನಿಲ್ಲುವಂತಿರಬೇಕು ಎಂದು ಸೂಚಿಸಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ದಾಳಿಯನ್ನು ತಡೆಯುವುದು ಸರ್ಕಾರದ, ಕಂಪನಿಗಳ, ತಜ್ಞರ ಕೆಲಸ. ಕೈಯಿಂದ ನಡೆಸುವ ದಾರಿಯನ್ನು ಉಳಿಸಿಕೊಳ್ಳುವುದು ಮಾತ್ರ ಪ್ರತಿ ಮನೆಯ ಕೆಲಸ. ಕಳೆದ ಐದಾರು ವರ್ಷಗಳಲ್ಲಿ ನಾವು ಕೈಬಿಟ್ಟಿರುವುದು ಅದನ್ನೇ.

ನಮ್ಮ ಮನೆಯ ‘ಟೆಸ್ಟ್ ರಿಪೋರ್ಟ್’

ಲ್ಯಾಬ್‌ನಲ್ಲಿ ಯಂತ್ರಕ್ಕೆ ಟೆಸ್ಟ್ ಮಾಡುವ ಹಾಗೆ ಮನೆಗೂ ಒಂದು ಟೆಸ್ಟ್ ಮಾಡೋಣ ಅನ್ನಿಸಿತು. ಒಂದು ಭಾನುವಾರ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮೇನ್ ಸ್ವಿಚ್ ಆಫ್, ಮೊಬೈಲ್ ಡೇಟಾ ಆಫ್. ದಾವಣಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಂಗಿ ಮತ್ತು ನಾನು. ‘ನಿನ್ ಪ್ರಾಜೆಕ್ಟಿಗೆ ನಮ್ಮನ್ನ ಯಾಕೋ ಒಣಗಿಸ್ತೀಯ?’ ಎಂದು ಅಮ್ಮ ಬೈದರೂ ಒಪ್ಪಿಕೊಂಡರು. ಕಂಡದ್ದು ಇಷ್ಟು.

ನೀರು: ಸಂಪಿನ ತುಂಬ ನೀರಿತ್ತು, ಮೇಲೆತ್ತುವ ಮೋಟಾರ್ ಇರಲಿಲ್ಲ. ಫಿಲ್ಟರ್ ಕೂಡ ಕರೆಂಟಿನದೇ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದರೂ ಐದು ಜನಕ್ಕೆ ಮೂರು ದಿನಕ್ಕೆ 45 ಲೀಟರ್ ಬೇಕು. ನಮ್ಮ ಮನೆಯ ಬಿಂದಿಗೆ ಲೆಕ್ಕದಲ್ಲಿ ಮೂರು ಬಿಂದಿಗೆ. ಈಗ ಮೂರೂ ತುಂಬಿರುತ್ತವೆ, ಎರಡು ದಿನಕ್ಕೊಮ್ಮೆ ನೀರು ಬದಲಾಗುತ್ತದೆ. ಸಂಪಿನ ಪಕ್ಕ ಹಗ್ಗ ಕಟ್ಟಿದ ಬಕೆಟ್ ಇದೆ.

ಔಷಧ: ಅಪ್ಪನಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆಯಷ್ಟು ಹೊತ್ತು ತಂಪು ಕಾಯುತ್ತದೆ. ಆಮೇಲೆ? ನಮ್ಮ ಡಾಕ್ಟರ ಬಳಿ ಕೇಳಿದೆವು. ಈಗ ಬಳಸುತ್ತಿರುವ ಪೆನ್ ಬಿಸಿಲು, ಸೆಕೆ ತಾಗದಂತೆ ಹೊರಗಿದ್ದರೂ ಕೆಲವು ವಾರ ನಡೆಯುತ್ತದೆ. ತೆರೆಯದ ಸ್ಟಾಕ್‌ಗೆ ಮಣ್ಣಿನ ಮಡಕೆ, ಒದ್ದೆ ಬಟ್ಟೆಯ ತಂಪು ತಾತ್ಕಾಲಿಕ ಆಸರೆ ಎಂದರು. ಇನ್ಸುಲಿನ್‌ನಲ್ಲಿ ಬಗೆಗಳಿವೆ, ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಕರೆಂಟ್ ಇರುವಾಗಲೇ ಕೇಳಿ.

ದುಡ್ಡು: ಐದು ಜನರ ಪರ್ಸು, ಡಬ್ಬಿ ಎಲ್ಲ ಹುಡುಕಿದರೆ ಸಿಕ್ಕಿದ್ದು 340 ರೂಪಾಯಿ. ಈಗ ಒಂದು ವಾರದ ಖರ್ಚಿನಷ್ಟು ಹಣ, ಅದರಲ್ಲೂ ಹತ್ತು, ಇಪ್ಪತ್ತು, ಐವತ್ತರ ನೋಟುಗಳು, ಬೀರುವಿನಲ್ಲಿವೆ. ಅಂಗಡಿಯವರ ಬಳಿಯೂ ಚಿಲ್ಲರೆ ಇರುವುದಿಲ್ಲ, ನೆನಪಿರಲಿ.

ಫೋನ್ ನಂಬರ್: ತಂಗಿಗೆ ಒಂದು ನಂಬರೂ ಬಾಯಿಗೆ ಬರುತ್ತಿರಲಿಲ್ಲ. ಅಜ್ಜಿ ಮಾತ್ರ ದೇವರ ಕೋಣೆಯ ಕ್ಯಾಲೆಂಡರ್ ಹಿಂದೆ ಹನ್ನೊಂದು ನಂಬರ್ ಬರೆದಿಟ್ಟಿದ್ದರು. ಅದಕ್ಕೆ ತುರ್ತು ಸಹಾಯದ 112, ಸೈಬರ್ ವಂಚನೆ ದೂರಿನ 1930, ಡಾಕ್ಟರ್, ಗ್ಯಾಸ್ ಏಜೆನ್ಸಿ ಸೇರಿಸಿದೆವು.

ಬೆಳಕು: ನಮ್ಮಲ್ಲಿ ಇನ್ವರ್ಟರ್ ಇಲ್ಲ. ಇರುವವರು ಲೆಕ್ಕ ಹಾಕಿಕೊಳ್ಳಿ. 12 ವೋಲ್ಟ್, 150 ಆಂಪಿಯರ್–ಅವರ್ ಬ್ಯಾಟರಿ ಎಂದರೆ 1,800 ವ್ಯಾಟ್–ಅವರ್. ನಷ್ಟ ಕಳೆದು 1,200 ಕೈಗೆ ಸಿಕ್ಕರೆ ಒಂದು ಫ್ಯಾನ್, ಎರಡು ಎಲ್‌ಇಡಿ ಬಲ್ಬ್, ವೈಫೈ ರೂಟರ್ ಸುಮಾರು 11 ಗಂಟೆ ಓಡುತ್ತವೆ. ಫ್ಯಾನ್ ಬಿಟ್ಟರೆ ಒಂದು ದಿನಕ್ಕಿಂತ ಹೆಚ್ಚು. ಮೊದಲ ಗಂಟೆಯಲ್ಲೇ ಟಿ.ವಿ. ಹಾಕಿ ಕೂತರೆ ಲೆಕ್ಕ ತಲೆಕೆಳಗು.

ಸುದ್ದಿ: ಇದು ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಎನಿಸಿತು. ನೆಟ್ ಇಲ್ಲದಿದ್ದರೆ ಹೊರಗೆ ಏನಾಗಿದೆ ಎಂದು ತಿಳಿಯಲು ಪಕ್ಕದ ಮನೆಯವರ ಊಹೆ ಬಿಟ್ಟರೆ ಏನೂ ಇಲ್ಲ. ಶೇ 70ರ ಗ್ರಿಡ್ ಸುಳ್ಳು ನಿಜವಾದ ಕತ್ತಲೆಯಲ್ಲಿ ಹಬ್ಬಿದ್ದರೆ ಅಲ್ಲಗಳೆಯುವುದು ಹೇಗಿತ್ತು? ಬ್ಯಾಟರಿಯ ಒಂದು ರೇಡಿಯೊ ಕೊಂಡೆವು, ಆಕಾಶವಾಣಿ ಚೆನ್ನಾಗಿ ಕೇಳುತ್ತದೆ.

ರೇಡಿಯೊ, ಚಾರ್ಜ್ ಆಗುವ ಟಾರ್ಚ್, ಸೆಲ್ಲು ಎಲ್ಲ ಸೇರಿ ಖರ್ಚಾಗಿದ್ದು ಸುಮಾರು 1,500 ರೂಪಾಯಿ. ಉಳಿದದ್ದು ಅಭ್ಯಾಸ ಮಾತ್ರ.

ಹೆದರಿಕೆಗೂ ತಯಾರಿಗೂ ವ್ಯತ್ಯಾಸ

ಇದು ಜನರನ್ನು ಹೆದರಿಸುವ ಮಾತಲ್ಲವೇ ಎಂದು ಗೆಳೆಯರು ಕೇಳಿದರು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಮೇಲೆ ದಾಳಿಯಾದಾಗ ಆಗಿದ್ದನ್ನು ನೋಡಿ. ಸೋರಿಕೆಯಾದ ಒಂದೇ ಪಾಸ್‌ವರ್ಡ್, ಎರಡನೇ ಹಂತದ ದೃಢೀಕರಣವಿಲ್ಲದ ಒಂದು ಖಾತೆ ಸಾಕಾಯಿತು. ಕಂಪನಿಯೇ ಮುನ್ನೆಚ್ಚರಿಕೆಯಾಗಿ ಪೈಪ್‌ಲೈನ್ ನಿಲ್ಲಿಸಿತು. ಜನ ಗಾಬರಿಯಾಗಿ ಮುಗಿಬಿದ್ದಿದ್ದರಿಂದ ಬಂಕ್‌ಗಳು ಇನ್ನೂ ಬೇಗ ಬರಿದಾದವು. ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ರೋಲ್ ತುಂಬಬೇಡಿ ಎಂದು ಅಲ್ಲಿನ ಸರ್ಕಾರಿ ಸಂಸ್ಥೆ ಎಚ್ಚರಿಸಬೇಕಾಯಿತು! ಮೊದಲೇ ಸ್ವಲ್ಪ ಸ್ವಲ್ಪ ಕೂಡಿಟ್ಟ ಮನೆಯವರು ಅಂಥ ದಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಅಷ್ಟರ ಮಟ್ಟಿಗೆ ಬೇರೆಯವರಿಗೂ ಉಳಿಯುತ್ತದೆ.

ಕೊನೆಯದಾಗಿ ನಮ್ಮಂಥ ಓದುವವರಿಗೆ, ಕೆಲಸ ಹುಡುಕುವವರಿಗೆ ಎರಡು ಮಾತು. ಆಟೊಮೇಷನ್ ಬಂದರೆ ಸಬ್‌ಸ್ಟೇಷನ್‌ಗೆ ಜನ ಬೇಡ ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಉಕ್ರೇನ್ ಹೇಳುವುದು ಬೇರೆಯೇ. ರಿಲೇ, ಬ್ರೇಕರ್ ಗೊತ್ತಿರುವವರಿಗೆ ನೆಟ್‌ವರ್ಕ್ ಗೊತ್ತಿಲ್ಲ, ನೆಟ್‌ವರ್ಕ್ ಗೊತ್ತಿರುವವರು ಸಬ್‌ಸ್ಟೇಷನ್ ಗೇಟು ದಾಟಿಲ್ಲ. ಎರಡೂ ಗೊತ್ತಿರುವವರ ಅಗತ್ಯ ಇನ್ನು ಹೆಚ್ಚುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಸುರಕ್ಷತಾ ಮಾರ್ಗಸೂಚಿ ಎಲ್ಲರೂ ಓದಬಹುದಾದ ದಾಖಲೆ. ಸಂದರ್ಶನಕ್ಕೆ ಹೋಗುವ ಮುನ್ನ ಒಮ್ಮೆ ಓದಿಕೊಳ್ಳಿ.

ಅದಕ್ಕೂ ಮೊದಲು ನಿಮ್ಮ ಇ–ಮೇಲ್, ಬ್ಯಾಂಕ್ ಖಾತೆಗೆ ಎರಡನೇ ಹಂತದ ದೃಢೀಕರಣ ಹಾಕಿ. ಗೊತ್ತಿಲ್ಲದ ಫೈಲ್ ತೆರೆಯಬೇಡಿ. ಒಂದು ಭಾನುವಾರ ಮನೆಯವರನ್ನು ಒಪ್ಪಿಸಿ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಪಿ.ಜಿ.ಯಲ್ಲಿದ್ದರೆ ರೂಮಿನಲ್ಲೇ ಅರ್ಧ ದಿನ ಮೊಬೈಲ್ ಆಫ್ ಮಾಡಿ ಸಾಕು. ನಿಮ್ಮಲ್ಲಿ ಏನು ಕೊರತೆಯಿದೆ ಎಂಬ ಪಟ್ಟಿ ಮಧ್ಯಾಹ್ನದ ಊಟದೊಳಗೆ ತಯಾರಾಗಿರುತ್ತದೆ.